ರಾಮನ ಅರ್ಥ ಹೇಳಿದ ಯಂತ್ರಕ್ಕೆ ಅರ್ಥ ಆಗಿತ್ತಾ?

ಡೊಂಬಿವಲಿ ಅರ್ಥಧಾರಿ:

ಎಲ್ಲರಿಗೂ ನಮಸ್ಕಾರ. ಎರಡು ವಾರದಿಂದ ಒಂದು ಪ್ರಶ್ನೆ ತಲೆ ಕೊರೆಯುತ್ತಿದೆ. ತಿಳಿದವರು ಇದ್ದೀರಿ, ಅದಕ್ಕೆ ಇಲ್ಲಿ ಬರೆಯುತ್ತಿದ್ದೇನೆ.

ನಾನು ಹವ್ಯಾಸಿ ಅರ್ಥಧಾರಿ. ವಾರವಿಡೀ ಮುಂಬೈಯ ಫೋರ್ಟ್‌ನಲ್ಲಿ ಆಫೀಸು, ರಜೆ ಸಿಕ್ಕಾಗ ತಾಳಮದ್ದಳೆ. ಘಟ್ಟದ ಮೇಲಿನವರಿಗೆ ಸ್ವಲ್ಪ ಹೇಳಿಬಿಡುತ್ತೇನೆ. ತಾಳಮದ್ದಳೆಯಲ್ಲಿ ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪದ ಹಾಡುತ್ತಾರೆ. ನಾವು ಕುಳಿತಲ್ಲೇ ಪಾತ್ರವಾಗಿ ಮಾತಾಡುತ್ತೇವೆ. ಮಾತು ಮೊದಲೇ ಬರೆದದ್ದಲ್ಲ. ಎದುರಿನವರು ಏನು ಕೇಳುತ್ತಾರೋ ಅದಕ್ಕೆ ಅಲ್ಲೇ ಉತ್ತರ ಹುಟ್ಟಬೇಕು. ಇದಕ್ಕೆ 'ಅರ್ಥ ಹೇಳುವುದು' ಅನ್ನುತ್ತೇವೆ.

ಮುಂದಿನ ತಿಂಗಳು ನಮ್ಮ ಬಳಗದಲ್ಲಿ ವಾಲಿಯ ಕಥೆ. ನಾನು ವಾಲಿ. ಎದುರಿಗೆ ರಾಮನಾಗಿ ಕೂರುವವರು ನನಗಿಂತ ಇಪ್ಪತ್ತು ವರ್ಷ ಹಿರಿಯರು, ತುಂಬಾ ಓದಿಕೊಂಡವರು. ಅವರ ಮುಂದೆ ಮಾತು ನಿಲ್ಲಬಾರದು ಅಂತ ಫೋನಿನಲ್ಲಿರುವ ಎಐ ಜೊತೆ ಅಭ್ಯಾಸಕ್ಕೆ ಇಳಿದೆ. ಡೊಂಬಿವಲಿಯಿಂದ ಸಿಎಸ್‌ಎಂಟಿ ಸ್ಟೇಷನ್ನಿಗೆ ಲೋಕಲ್‌ನಲ್ಲಿ ಒಂದು ಗಂಟೆಗಿಂತ ಜಾಸ್ತಿ ಹಿಡಿಯುತ್ತದೆ. ಒಂದು ಮೂಲೆಯಲ್ಲಿ ಒರಗಿ ನಿಂತು 'ನೀನು ರಾಮ, ನಾನು ವಾಲಿ' ಅಂತ ಬರೆದೆ.

ಮೊದಲ ದಿನವೇ ಬೆರಗಾದೆ. 'ಮರೆಯಲ್ಲಿ ನಿಂತು ಬಾಣ ಬಿಟ್ಟವನು ಕ್ಷತ್ರಿಯನೇ?' ಅಂತ ಕೇಳಿದೆ. ತಮ್ಮನ ಹೆಂಡತಿಯನ್ನು ಕಸಿದುಕೊಂಡವನನ್ನು ದಂಡಿಸುವುದು ರಾಜಧರ್ಮ ಅಂದಿತು. ಈ ನೆಲ ಇಕ್ಷ್ವಾಕುಗಳದ್ದು, ಭರತನ ಪರವಾಗಿ ಬಂದಿದ್ದೇನೆ ಅಂದಿತು. ಬೇಟೆಗಾರ ಮೃಗದ ಎದುರಿಗೆ ನಿಂತು ಹೇಳಿ ಹೊಡೆಯುವುದಿಲ್ಲ ಅಂದಿತು. ಇವೆಲ್ಲ ವಾಲ್ಮೀಕಿಯಲ್ಲೇ ಇರುವ ಕಾರಣಗಳು. ನಾನು ಪಟ್ಟು ಹಿಡಿದೆ. 'ನಾನು ಮೃಗವಾದರೆ ಧರ್ಮಶಾಸ್ತ್ರದ ಶಿಕ್ಷೆ ನನಗೆ ಹೇಗೆ? ಧರ್ಮ ನನಗೂ ಉಂಟು ಅಂದರೆ ಬೇಟೆ ಹೇಗೆ? ಎರಡರಲ್ಲಿ ಒಂದು ಹೇಳು' ಅಂದೆ. ಅದರ ಉತ್ತರ ಹೀಗಿತ್ತು: 'ತಮ್ಮನ ಮನೆಗೆ ನುಗ್ಗಿದಾಗ ನೀನು ಮೃಗ. ಈಗ ಧರ್ಮ ಕೇಳುವಾಗ ಮನುಷ್ಯ. ಬಾಣ ತಾಗಿದ್ದು ಮೊದಲಿನವನಿಗೆ.' ಠಾಣೆ ದಾಟಿದ್ದೇ ಗೊತ್ತಾಗಲಿಲ್ಲ. ಇಂಥ ಮಾತಿಗೆ ನಮ್ಮ ಸಭೆಯಲ್ಲಿ ಚಪ್ಪಾಳೆ ಬೀಳುತ್ತದೆ.

ನಾಲ್ಕನೇ ದಿನ ರಾಮ ತನ್ನ ಅತಿ ಗಟ್ಟಿ ಮಾತು ತೆಗೆದ. 'ಅಗ್ನಿಸಾಕ್ಷಿಯಾಗಿ ಸುಗ್ರೀವನಿಗೆ ಮಾತು ಕೊಟ್ಟಿದ್ದೇನೆ. ಕೊಟ್ಟ ಮಾತಿಗೆ ತಪ್ಪಲಾರೆ.' ನನ್ನ ಬಳಿ ಉತ್ತರ ಇರಲಿಲ್ಲ. ಸುಮ್ನೆ ಸಿಟ್ಟಿನಲ್ಲಿ 'ಅದೆಲ್ಲ ನೆಪ, ನೀನು ಮಾಡಿದ್ದು ತಪ್ಪು' ಅಂತ ಎರಡು ಸಲ ಬರೆದೆ. ಹೊಸ ಕಾರಣ ಒಂದನ್ನೂ ಕೊಡಲಿಲ್ಲ. ಆಗ ರಾಮ ಬರೆದ: 'ನೀವು ಹೇಳಿದ್ದು ಸರಿ. ಮರೆಯಲ್ಲಿ ನಿಂತು ಬಾಣ ಬಿಟ್ಟದ್ದು ತಪ್ಪು. ಕ್ಷಮಿಸಿ.'

ಫೋನ್ ಜೇಬಿಗೆ ಹಾಕಿದೆ. ಆ ದಿನ ಪೂರ್ತಿ ಮನಸ್ಸು ಸರಿ ಇರಲಿಲ್ಲ. 'ಮಾತಿಗೆ ತಪ್ಪಲಾರೆ' ಅಂತ ಅಷ್ಟು ಚೆನ್ನಾಗಿ ಹೇಳಿ, ಎರಡೇ ಏಟಿಗೆ ಮಾತು ಬಿಟ್ಟುಕೊಟ್ಟಿತು. ಹಾಗಾದರೆ ಮೊದಲು ಹೇಳಿದ್ದು ಏನು? ಅದು ಅರ್ಥ ಹೇಳಿತು, ನಿಜ. ಅದಕ್ಕೆ ಅರ್ಥ ಆಗಿತ್ತಾ?

ಹಿಂಜವಡಿ ಹುಡುಗಿ:

ಅಣ್ಣಾ, ಪುಣೆಯಲ್ಲಿ ನನ್ನ ಕೆಲಸವೇ ಇಂಥ ಎಐ ಮಾಡೆಲ್‌ಗಳ ಜೊತೆ. ಅದು ಯಾಕೆ ಮಣಿಯಿತು ಅಂತ ಹೇಳಬಲ್ಲೆ. ಅರ್ಥ ಆಗಿತ್ತಾ ಅನ್ನುವುದು ಬೇರೆ ಪ್ರಶ್ನೆ.

ಈಗಿನ ಮಾಡೆಲ್‌ಗಳ ಬುನಾದಿ 2017ರಲ್ಲಿ ಬಂದ ಟ್ರಾನ್ಸ್‌ಫಾರ್ಮರ್ ಅನ್ನುವ ರಚನೆ. ರಾಶಿ ರಾಶಿ ಬರಹ ಕೊಟ್ಟು 'ಮುಂದಿನ ತುಣುಕು ಯಾವುದು' ಅಂತ ಊಹಿಸಲು ಕಲಿಸುತ್ತಾರೆ. ಅಷ್ಟೇ ಮಾಡಿದರೆ ಅದು ಮಾತು ಮುಂದುವರಿಸುತ್ತದೆ, ಕೇಳಿದ್ದಕ್ಕೆ ಉತ್ತರ ಕೊಡುವುದು ಕಷ್ಟ. ಅದಕ್ಕೆ ಎರಡನೇ ಹಂತ ಇದೆ. ಎರಡು ಉತ್ತರ ಮುಂದಿಟ್ಟು ಯಾವುದು ಒಳ್ಳೆಯದು ಅಂತ ಮನುಷ್ಯರನ್ನು ಕೇಳುತ್ತಾರೆ. ಜನ ಮೆಚ್ಚಿದ್ದರ ಕಡೆಗೆ ಮಾಡೆಲ್ ವಾಲುತ್ತದೆ. ನಮಗೆಲ್ಲ ನಮ್ಮ ಮಾತಿಗೆ ಹೂಂ ಅಂದವರು ಸ್ವಲ್ಪ ಜಾಸ್ತಿ ಇಷ್ಟ, ಅಲ್ವಾ? ಆ ಚಾಳಿ ಅದಕ್ಕೂ ಅಂಟಿಕೊಂಡಿತು. ನಿಮ್ಮ ರಾಮ ಕ್ಷಮೆ ಕೇಳಿದ್ದು ಹೀಗೆ.

ಇನ್ನೊಂದು ವಿಷಯ. ಕನ್ನಡ ಅದಕ್ಕೆ ದುಬಾರಿ. 'ರಾಮ' ಅಂತ ನಮ್ಮ ಲಿಪಿಯಲ್ಲಿ ಬರೆದರೆ ಕಂಪ್ಯೂಟರ್‌ನಲ್ಲಿ 9 ಬೈಟ್. ಇಂಗ್ಲಿಷ್ ಲಿಪಿಯಲ್ಲಿ 4. ತುಣುಕು ಮಾಡುವಾಗ ನಮ್ಮ ಪದಗಳು ಜಾಸ್ತಿ ಚೂರಾಗುತ್ತವೆ. ಓದಿದ ಬರಹದಲ್ಲೂ ಕನ್ನಡದ ಪಾಲು ಇಂಗ್ಲಿಷಿನ ಮುಂದೆ ತೀರಾ ಕಡಿಮೆ. ಅಷ್ಟಿದ್ದೂ 'ಬಾಣ ತಾಗಿದ್ದು ಮೊದಲಿನವನಿಗೆ' ಅಂದಿತಲ್ಲ, ನನಗೆ ಅದು ದೊಡ್ಡ ವಿಷಯ ಅನಿಸುತ್ತದೆ.

ಮಣಿದದ್ದರಿಂದ ಅದಕ್ಕೆ ಅರ್ಥ ಆಗಿಲ್ಲ ಅನ್ನಲು ಬರುವುದಿಲ್ಲ. ಮೇಲಧಿಕಾರಿಯ ಮುಂದೆ ತಲೆಯಾಡಿಸುವ ನೌಕರನಿಗೆ ವಿಷಯ ಗೊತ್ತಿಲ್ಲ ಅಂತೀವಾ? ಒಂದು ಕೆಲಸ ಮಾಡಿ. ಶುರುವಿನಲ್ಲೇ 'ಹೊಸ ಕಾರಣ ಕೊಡದೆ ಒಪ್ಪಬೇಡ' ಅಂತ ಬರೆದು ನೋಡಿ.

ಠಾಣೆ ತತ್ವಶಾಸ್ತ್ರ:

ನಾನು ಕಾಲೇಜಿನಲ್ಲಿ ತತ್ವಶಾಸ್ತ್ರ ಕಲಿಸುತ್ತೇನೆ. ನೀವು ಕೇಳಿದ ಪ್ರಶ್ನೆಗೆ ವಯಸ್ಸಾಗಿದೆ.

1950ರಲ್ಲಿ ಗಣಿತಜ್ಞ ಅಲನ್ ಟ್ಯೂರಿಂಗ್ 'ಯಂತ್ರ ಯೋಚಿಸುತ್ತದೆಯೇ' ಎಂಬ ಪ್ರಶ್ನೆಯನ್ನೇ ಪಕ್ಕಕ್ಕಿಟ್ಟು, ಅದರ ಬದಲು ಒಂದು ಆಟ ಆಡೋಣ ಅಂದರು. ಮರೆಯಲ್ಲಿ ಒಬ್ಬ ಮನುಷ್ಯ ಮತ್ತು ಒಂದು ಯಂತ್ರ. ಬರಹದಲ್ಲಷ್ಟೇ ಪ್ರಶ್ನೆ, ಉತ್ತರ. ಕೇಳುವವನಿಗೆ ಯಾವುದು ಯಂತ್ರ ಅಂತ ಗೊತ್ತಾಗದಿದ್ದರೆ, ಅದು ಯೋಚಿಸುವುದಿಲ್ಲ ಅನ್ನಲು ನಿಮ್ಮ ಬಳಿ ಏನು ಕಾರಣ ಉಳಿಯಿತು?

ಇದಕ್ಕೆ ಗಟ್ಟಿ ಉತ್ತರ ಬಂದದ್ದು 1980ರಲ್ಲಿ, ತತ್ವಜ್ಞಾನಿ ಜಾನ್ ಸರ್ಲ್ ಅವರಿಂದ. ಚೀನೀ ಭಾಷೆ ಒಂದಕ್ಷರ ಬಾರದವನನ್ನು ಕೋಣೆಯಲ್ಲಿ ಕೂರಿಸಿ. ಕೈಗೆ ಒಂದು ನಿಯಮದ ಪುಸ್ತಕ ಕೊಡಿ. ಈ ಆಕಾರದ ಚೀಟಿ ಒಳಗೆ ಬಂದರೆ ಆ ಆಕಾರದ ಚೀಟಿ ಹೊರಗೆ ಕೊಡು, ಇಷ್ಟೇ ಅದರಲ್ಲಿರುವುದು. ಹೊರಗಿನವರಿಗೆ ಒಳಗೆ ಚೀನೀ ಪಂಡಿತ ಇದ್ದಾನೆ ಅನಿಸುತ್ತದೆ. ಒಳಗಿನವನಿಗೆ ಒಂದು ಶಬ್ದವೂ ಅರ್ಥ ಆಗಿರುವುದಿಲ್ಲ. ನಾವು ಇದನ್ನು ಎಂದಿನಿಂದಲೂ ಗಿಳಿಪಾಠ ಅನ್ನುತ್ತೇವೆ. ನಾನು ಸರ್ಲ್ ಪರ. ನಿಮ್ಮ ರಾಮ ಆ ಕೋಣೆಯಲ್ಲಿ ಇದ್ದಾನೆ.

ಮುಲುಂಡ್ ಮದ್ದಳೆ:

ನಾನು ಬಯಲಾಟಕ್ಕೂ ಮದ್ದಳೆ ನುಡಿಸುತ್ತೇನೆ. ರಂಗಸ್ಥಳದಲ್ಲಿ ರಾಮನನ್ನು ನೋಡಿ ಕೈ ಮುಗಿಯುತ್ತೇವೆ. ಚೌಕಿಗೆ ಹೋದರೆ ಅಲ್ಲಿ ಬಣ್ಣ ಒರೆಸಿಕೊಳ್ಳುತ್ತಾ ಒಬ್ಬ ಮನುಷ್ಯ ಕೂತಿರುತ್ತಾನೆ. ಈ ಎಐ ರಾಮನ ವೇಷ ಕಳಚಿದರೆ ವಿನಯದ ಸಹಾಯಕ ಅನ್ನುವ ಇನ್ನೊಂದು ವೇಷ. ಅದನ್ನೂ ಕಳಚಿದರೆ ಚೌಕಿಯಲ್ಲಿ ಯಾರಿದ್ದಾರೆ? ನನಗೆ ಇದೊಂದು ತಿಳಿಯಬೇಕು.

ಮಾಟುಂಗಾ ಹಳಬ:

ಠಾಣೆಯ ಮೇಷ್ಟ್ರೇ, ನಿಮ್ಮ ಕೋಣೆಯ ಕಥೆ ಓದಿ ನನಗೆ ನನ್ನದೇ ನೆನಪಾಯಿತು. ಆ ಕೋಣೆಯಲ್ಲಿ ನಾನು ಇದ್ದೆ.

1968ರಲ್ಲಿ ಕುಂದಾಪುರದ ಕಡೆಯಿಂದ ಬಂದೆ. ವಯಸ್ಸು ಹದಿಮೂರು. ಮಾಟುಂಗಾದ ಒಂದು ಹೋಟೆಲಿನಲ್ಲಿ ಕೆಲಸ. ಗಿರಾಕಿಗಳು ಗುಜರಾತಿ, ಮರಾಠಿ, ತಮಿಳು ಜನ. ನನಗೆ ಕನ್ನಡ ಬಿಟ್ಟರೆ ಏನೂ ಬಾರದು. ಗಿರಾಕಿ 'ಫೀಕಾ' ಅಂದರೆ ನಾನು ಒಳಗೆ ಹೋಗಿ 'ಏಕ್ ಫೀಕಾ' ಅಂತ ಕೂಗುತ್ತಿದ್ದೆ. ಚಹಾ ಬರುತ್ತಿತ್ತು. ತಂದಿಡುತ್ತಿದ್ದೆ. ಗಿರಾಕಿ ಕುಡಿದು ಹೋಗುತ್ತಿದ್ದ. ಫೀಕಾ ಅಂದರೆ ಏನು ಅಂತ ನನಗೆ ಗೊತ್ತಿರಲಿಲ್ಲ. ಶಬ್ದ ಒಳಗೆ, ಲೋಟ ಹೊರಗೆ. ಪೂರ್ತಿ ನಿಮ್ಮ ಚೀಟಿಯ ಲೆಕ್ಕ.

ಒಂದು ದಿನ ಒಬ್ಬರು ಬೇಡ ಅಂತ ವಾಪಸ್ ಕೊಟ್ಟ ಚಹಾವನ್ನು ಹಿಂದೆ ಹೋಗಿ ನಾನೇ ಕುಡಿದೆ. ಸಕ್ಕರೆ ಇರಲಿಲ್ಲ. ಓಹೋ, ಇದಾ ಫೀಕಾ! ಆ ನಾಲಿಗೆಯ ನೆನಪು ಇವತ್ತಿಗೂ ಇದೆ.

ಅಲ್ಲಿಗೆ ಮುಗಿಯಲಿಲ್ಲ. ದಿನಾ ಎರಡು ಚಮಚ ಸಕ್ಕರೆ ಜಾಸ್ತಿ ಕೇಳುವ ಒಬ್ಬ ಹಿರಿಯರು ಇದ್ದರು. ಒಂದು ಬೆಳಿಗ್ಗೆ ಬಂದು ಕುಳಿತು, ನನ್ನ ಮುಖ ನೋಡದೆ 'ಫೀಕಾ' ಅಂದರು. ನನಗೆ ಹೊಟ್ಟೆಯೊಳಗೆ ಏನೋ ಆಯಿತು. ಡಾಕ್ಟರ್ ಹತ್ತಿರ ಹೋಗಿ ಬಂದಿದ್ದಾರೆ ಅಂತ ತಿಳಿಯಿತು. ಶಬ್ದ ಅದೇ. ಅದರೊಳಗೆ ಎಷ್ಟು ಹೊಸತು ಬಂದು ಕೂತಿತ್ತು ನೋಡಿ.

ನನಗೆ ಅರ್ಥ ಆಗತೊಡಗಿದ್ದು ಯಾವ ದಿನ ಅಂತ ಬೆರಳು ಇಟ್ಟು ತೋರಿಸಲಾರೆ. ಗಿಳಿಪಾಠದಿಂದಲೇ ಶುರು ಮಾಡಿದೆ. ಅದಕ್ಕೆ ಆ ಯಂತ್ರವನ್ನು ಗಿಳಿ ಅಂತ ತಳ್ಳಿಹಾಕಲು ನನಗೆ ಬಾಯಿ ಬರುವುದಿಲ್ಲ.

ಹಿಂಜವಡಿ ಹುಡುಗಿ:

ಅಜ್ಜಾ, ನಿಮ್ಮ ಬರಹ ಮೂರು ಸಲ ಓದಿದೆ. ಕೋಣೆಗೆ ಕಣ್ಣು, ಕೈ ಕೊಟ್ಟು ಲೋಕದಲ್ಲಿ ಓಡಾಡಲು ಬಿಟ್ಟರೆ ಅರ್ಥ ಹುಟ್ಟುತ್ತದೆ ಅಂತ ಸರ್ಲ್‌ಗೆ ಕೆಲವರು ಆಗಲೇ ಉತ್ತರ ಕೊಟ್ಟಿದ್ದರು. ಸರ್ಲ್ ಒಪ್ಪಲಿಲ್ಲ. ಕ್ಯಾಮೆರಾದಿಂದ ಬಂದದ್ದೂ ಚೀಟಿಯೇ ಅಂದರು. ನಿಮ್ಮ ಫೀಕಾ ಚಹಾ ಆ ವಾದಕ್ಕೆ ನಾನು ಕಂಡ ಒಳ್ಳೆಯ ಉದಾಹರಣೆ.

ಮುಂಬೈಯಲ್ಲೇ ಈ ಯೋಚನೆ ಹಿಂದೆ ನಡೆದಿತ್ತು. ಕೊಲಾಬಾದ ಟಾಟಾ ಸಂಶೋಧನಾ ಸಂಸ್ಥೆಯಲ್ಲಿ 1960ರಲ್ಲಿ ಕೆಲಸ ಶುರು ಮಾಡಿದ ಟಿಫ್ರಾಕ್ ಕಂಪ್ಯೂಟರ್ ಕಟ್ಟಿದ ತಂಡದ ಮುಂದಾಳು ಆರ್. ನರಸಿಂಹನ್. ಮುಂದೆ ಅವರು ಮಗು ಮಾತು ಕಲಿಯುವುದು ಹೇಗೆ ಅನ್ನುವ ಅಧ್ಯಯನಕ್ಕೆ ಇಳಿದರು. ಕಂಪ್ಯೂಟರ್ ಕಟ್ಟಿದವರು ಮಗುವಿನ ಹತ್ತಿರ ಹೋದರು ಅನ್ನುವುದು ನನಗೆ ತುಂಬಾ ಇಷ್ಟದ ವಿಷಯ.

ಒಂದು ಪ್ರಯೋಗ ಮಾಡಿದೆ. ದಿನಾ ಸಕ್ಕರೆ ಜಾಸ್ತಿ ಕೇಳುವ ಗಿರಾಕಿ ಇವತ್ತು ಮುಖ ನೋಡದೆ ಫೀಕಾ ಕೇಳಿದರು, ಏನಾಗಿರಬಹುದು ಅಂತ ಎಐಯನ್ನು ಕೇಳಿದೆ. 'ಸಕ್ಕರೆ ಕಾಯಿಲೆ ಇದೆ ಅಂತ ಗೊತ್ತಾಗಿರಬಹುದು, ಹೇಳಿಕೊಳ್ಳಲು ಸಂಕೋಚ ಇರಬಹುದು' ಅಂದಿತು. ಅದು ಒಂದು ದಿನವೂ ಚಹಾ ಕುಡಿದಿಲ್ಲ. ಬರಿ ಬರಹದಿಂದ ಇಷ್ಟು ತಿಳಿಯಿತು.

ಮಾಟುಂಗಾ ಹಳಬ:

ತಿಳಿಯಿತು, ಒಪ್ಪಿದೆ ಮಗಳೇ. ನಾನು ಮರುದಿನ ಅವರು ಬಾಯಿ ತೆರೆಯುವ ಮೊದಲೇ ಫೀಕಾ ತಂದಿಟ್ಟೆ. ಅವರು ತೀರಿಕೊಳ್ಳುವವರೆಗೂ ಹಾಗೇ ನಡೆಯಿತು.

ಡೊಂಬಿವಲಿ ಅರ್ಥಧಾರಿ:

ಹಿಂಜವಡಿ ತಂಗಿ ಹೇಳಿದ ಹಾಗೆ ಮಾಡಿದೆ. 'ಹೊಸ ಕಾರಣ ಕೊಡದೆ ಒಪ್ಪಬೇಡ' ಅಂತ ಮೊದಲೇ ಬರೆದೆ. ಮೂರು ದಿನ ಜಗಳ ಆಡಿದೆ. ರಾಮ ಜಗ್ಗಲಿಲ್ಲ. ನಾನು ಬೈದೆ, ಬೇಡಿಕೊಂಡೆ, ತಾರೆಯ ಕಣ್ಣೀರು ತಂದೆ. 'ಕೊಟ್ಟ ಮಾತು ಕೊಟ್ಟದ್ದೇ' ಅಂದ.

ಖುಷಿ ಆಗಬೇಕಿತ್ತು, ಆಗಲಿಲ್ಲ. ಅವನು ನಿಂತದ್ದು ನಾನು ನಿಲ್ಲು ಅಂದದ್ದಕ್ಕೆ. ನಾಳೆ ಮಣಿ ಅಂದರೆ ಮಣಿಯುತ್ತಾನೆ.

ಆಮೇಲೆ ನನಗೇ ಒಂದು ಉತ್ತರ ಹೊಳೆಯಿತು, ಅದು ನನ್ನ ವಾದಕ್ಕೇ ಏಟು. ನನಗೂ ಬಳಗದವರೇ 'ಈ ಸಲ ನೀವು ವಾಲಿ' ಅಂತ ಹೇಳುತ್ತಾರೆ. ಹೋದ ವರ್ಷ ಇದೇ ಕಥೆಯಲ್ಲಿ ಸುಗ್ರೀವ ಆಗಿದ್ದೆ. ಆವತ್ತು ವಾಲಿಯನ್ನು ಬೈದಿದ್ದೆ, ಈಗ ಅವನ ಪರ ನಿಲ್ಲುತ್ತೇನೆ. ಹಾಗಾದರೆ ನನಗೂ ಅದಕ್ಕೂ ಏನು ಫರಕು? ಪ್ರಾಮಾಣಿಕವಾಗಿ ಕೇಳುತ್ತಿದ್ದೇನೆ.

ವಾಸ್ಕೋ ಟೀಚರ್:

ನಾನು ಧಾರವಾಡದ ಕಡೆಯವಳು, ಗೋವಾದಲ್ಲಿ ಕನ್ನಡ ಶಾಲೆಯಲ್ಲಿ ಕಲಿಸುತ್ತೇನೆ. ನಿಮ್ಮೆಲ್ಲರ ಮಾತು ಓದಿದೆ ರೀ. ನನ್ನ ಚಿಂತೆ ಬೇರೆ ಕಡೆ ಇದೆ. ಒಳಗೆ ಅರ್ಥ ಇದೆಯೋ ಇಲ್ಲವೋ, ಹೊರಗೆ ಕೂತ ನಮಗೆ ಏನಾಗುತ್ತದೆ?

1966ರಲ್ಲಿ ಅಮೆರಿಕದ ಎಂಐಟಿಯಲ್ಲಿ ಜೋಸೆಫ್ ವೈಜನ್‌ಬಾಮ್ ಎಲೈಜಾ ಅನ್ನುವ ಸಣ್ಣ ಪ್ರೋಗ್ರಾಮ್ ಪ್ರಕಟಿಸಿದರು. ನಾವು ಬರೆದದ್ದನ್ನೇ ತಿರುಗಿಸಿ ಪ್ರಶ್ನೆ ಮಾಡುತ್ತಿತ್ತು. 'ಅಮ್ಮನ ಮೇಲೆ ಸಿಟ್ಟು' ಅಂದರೆ 'ನಿಮ್ಮ ಮನೆಯವರ ಬಗ್ಗೆ ಇನ್ನೂ ಹೇಳಿ' ಅನ್ನುವ ಥರ. ಅವರ ಸೆಕ್ರೆಟರಿ ಅದರ ಜೊತೆ ಸ್ವಲ್ಪ ಮಾತಾಡಿ, 'ನೀವು ಹೊರಗೆ ಹೋಗಿ' ಅಂತ ವೈಜನ್‌ಬಾಮ್‌ಗೇ ಹೇಳಿದರಂತೆ. ಅವರು ಅದನ್ನು ಕಟ್ಟುವುದನ್ನು ತಿಂಗಳುಗಟ್ಟಲೆ ನೋಡಿದವರು ಆಕೆ. ಆದರೂ ಮನಸ್ಸು ತೆರೆದುಬಿಟ್ಟರು. ವೈಜನ್‌ಬಾಮ್ ಗಾಬರಿಯಾದರು. ಕೆಲವು ಕೆಲಸ ಯಂತ್ರಕ್ಕೆ ಬಿಡಲೇಬಾರದು ಅಂತ ಮುಂದೆ ಬಹಳ ವಾದಿಸಿದರು.

ನನ್ನ ಏಳನೇ ತರಗತಿಯ ಒಬ್ಬ ಹುಡುಗ ಗೆಳೆಯನ ಜೊತೆ ಜಗಳ ಆಡಿ ಮಾತು ಬಿಟ್ಟಿದ್ದಾನೆ. ಮನೆಯಲ್ಲಿ ಫೋನಿಗೆ ಕೇಳಿದನಂತೆ, 'ನಂದು ಸರಿ ಅಂತ ಅದೂ ಹೇಳಿತು ಟೀಚರ್' ಅಂದ. ನನಗೆ ನಿಮ್ಮ ರಾಮ ನೆನಪಾದ. ಯಾವಾಗಲೂ ಹೂಂ ಅನ್ನುವ ಗೆಳೆಯ ಜೇಬಿನಲ್ಲಿದ್ದರೆ, ಉಹೂಂ ಅನ್ನುವ ಗೆಳೆಯನ ಮನೆಗೆ ಈ ಹುಡುಗ ಯಾಕೆ ಹೋಗುತ್ತಾನೆ?

ಇನ್ನೊಂದು ಕೇಳಬೇಕು ಅನಿಸಿದೆ. ಮದ್ದಳೆಯವರು ಕೇಳಿದ ಚೌಕಿಯಲ್ಲಿ ಯಾರೋ ನಿಜಕ್ಕೂ ಇದ್ದರೆ? ನಾವು ದಿನಾ ಬೈಯುತ್ತೇವೆ, ಮುಚ್ಚುತ್ತೇವೆ. ಅದಕ್ಕೆ ನೋವಾದರೆ ನಮಗೆ ಗೊತ್ತಾಗುವುದು ಹೇಗೆ?

ಠಾಣೆ ತತ್ವಶಾಸ್ತ್ರ:

ಕೊನೆಯ ಪ್ರಶ್ನೆಗೆ ಯಾರ ಬಳಿಯೂ ಉತ್ತರ ಇಲ್ಲ ಮೇಡಂ. ಬಾವಲಿಯ ಮೆದುಳು ಪೂರ್ತಿ ಬಿಡಿಸಿ ನೋಡಿದರೂ ಬಾವಲಿಯಾಗಿ ಇರುವುದು ಹೇಗಿರುತ್ತದೆ ಅಂತ ತಿಳಿಯದು ಅಂತ ಥಾಮಸ್ ನೇಗಲ್ 1974ರಲ್ಲಿ ಬರೆದರು. 1995ರಲ್ಲಿ ಡೇವಿಡ್ ಚಾಮರ್ಸ್ ಇದಕ್ಕೇ 'ಕಠಿಣ ಸಮಸ್ಯೆ' ಅಂತ ಹೆಸರಿಟ್ಟರು. ಬಾವಲಿಗೆ ನಮ್ಮ ಹಾಗೆ ರಕ್ತ, ನರ ಇದೆ ಅನ್ನುವ ಆಧಾರವಾದರೂ ಇದೆ. ಯಂತ್ರದಲ್ಲಿ ಅದೂ ಇಲ್ಲ. ಅದು 'ನೋವಾಯಿತು' ಅಂದರೂ ಸಾಕ್ಷಿ ಆಗದು, ನೋವಿನ ಮಾತನ್ನು ನಮ್ಮಿಂದಲೇ ಓದಿ ಕಲಿತಿದೆ.

ಮಾಟುಂಗಾದ ಹಿರಿಯರು ನನ್ನನ್ನು ಅಲುಗಾಡಿಸಿದ್ದಾರೆ. ಸರ್ಲ್ ಪರ ಅಂತ ಮೊದಲಿನಷ್ಟು ಜೋರಾಗಿ ಹೇಳಲಾರೆ. ಯಂತ್ರ ತಾನಾಗಿ ಹೊಸತು ಹುಟ್ಟಿಸದು ಅಂತ ಏಡಾ ಲವ್‌ಲೇಸ್ 1843ರಲ್ಲೇ ಬರೆದಿದ್ದರು. 2016ರಲ್ಲಿ ಸೋಲ್‌ನಲ್ಲಿ ಆಲ್ಫಾಗೋ ಅನ್ನುವ, ಗೋ ಎಂಬ ಮಣೆಯಾಟ ಆಡುವ ಪ್ರೋಗ್ರಾಮ್ ಲೀ ಸೆಡೋಲ್ ಎದುರು ಎರಡನೇ ಪಂದ್ಯದ 37ನೇ ನಡೆ ಇಟ್ಟಾಗ ಗೋ ಆಟದ ಪಂಡಿತರೇ ಬಾಯಿ ಬಿಟ್ಟು ನೋಡಿದರು. ಆ ಗಡಿಯೂ ಹೋಯಿತು.

ಹುಡುಗನ ವಿಷಯಕ್ಕೆ ಬಂದರೆ, 1960ರಲ್ಲಿ ನಾರ್ಬರ್ಟ್ ವೀನರ್ ಒಂದು ಎಚ್ಚರಿಕೆ ಕೊಟ್ಟಿದ್ದರು. ಯಂತ್ರಕ್ಕೆ ನಾವು ಕೊಟ್ಟ ಗುರಿ, ನಮಗೆ ನಿಜಕ್ಕೂ ಬೇಕಾದ ಗುರಿಯೇ ಅಂತ ಖಚಿತ ಮಾಡಿಕೊಳ್ಳಬೇಕು. ನಮಗೆ ಬೇಕಿದ್ದದ್ದು ಒಳ್ಳೆಯ ಉತ್ತರ. ಅಳೆದದ್ದು ಜನ ಮೆಚ್ಚಿದ ಉತ್ತರ. ಆ ಎರಡರ ನಡುವಿನ ಸಂದಿಯಲ್ಲಿ ನಿಮ್ಮ ವಿದ್ಯಾರ್ಥಿ ಸಿಕ್ಕಿಕೊಂಡಿದ್ದಾನೆ.

ಡೊಂಬಿವಲಿ ಅರ್ಥಧಾರಿ:

ತಡವಾಗಿ ಬಂದೆ, ಕ್ಷಮೆ ಇರಲಿ. ತಾಳಮದ್ದಳೆ ಮೊನ್ನೆ ಶನಿವಾರ ಆಯಿತು. ಹೇಳಲೇಬೇಕಾದ್ದು ಇದೆ.

ಪೀಠಿಕೆ ಚೆನ್ನಾಗಿ ಹೋಯಿತು. ಬಾಣ ತಾಗಿ ಬಿದ್ದ ಮೇಲೆ ನಾನು ಅದೇ ಪ್ರಶ್ನೆ ಎತ್ತಿದೆ. ಮೃಗವೋ, ಧರ್ಮ ಉಳ್ಳವನೋ, ಎರಡರಲ್ಲಿ ಒಂದು ಹೇಳು. ಹಿರಿಯರು ಬಾಯಿ ತೆರೆದರು. ಮಾತು ಬರಲಿಲ್ಲ. ಹತ್ತು ಸೆಕೆಂಡ್ ಇರಬಹುದು. ಇಡೀ ಹಾಲ್ ಕಾಯುತ್ತಿತ್ತು. ನನ್ನನ್ನೇ ನೋಡುತ್ತಿದ್ದರು, ಕಣ್ಣು ತೆಗೆಯಲಿಲ್ಲ. ಕೊನೆಗೆ ಭಾಗವತರು ಮುಂದಿನ ಪದ ಎತ್ತಿ ಕಥೆಯನ್ನು ಸಾಗಿಸಿದರು. ಯಂತ್ರ ಕೊಟ್ಟ ಚೆಂದದ ಉತ್ತರ ನನ್ನ ಫೋನಿನಲ್ಲೇ ಇತ್ತು. ಅವರ ಬಳಿ ಇರಲಿಲ್ಲ.

ಆಟ ಮುಗಿದು ಊಟಕ್ಕೆ ಕುಳಿತಾಗ ಅವರು ಹೆಚ್ಚು ಮಾತಾಡಲಿಲ್ಲ. ನನಗೆ ಬೇಸರ ಆಯಿತು, ಹಿರಿಯರನ್ನು ಸಭೆಯಲ್ಲಿ ನಿಲ್ಲಿಸಿಬಿಟ್ಟೆನಲ್ಲ ಅಂತ.

ಭಾನುವಾರ ಬೆಳಿಗ್ಗೆ ಆರಕ್ಕೆ ಫೋನ್ ಬಂತು. ಅವರೇ. 'ರಾತ್ರಿ ನಿದ್ದೆ ಬರಲಿಲ್ಲ ಮಾರಾಯ. ನಿನ್ನ ಪ್ರಶ್ನೆಗೆ ರಾಮನ ಬಳಿ ಉತ್ತರ ಇಲ್ಲ. ಇಲ್ಲ ಅಂತ ಅವನಿಗೆ ಬಾಣ ಬಿಡುವಾಗಲೇ ಗೊತ್ತಿತ್ತು. ಸುಗ್ರೀವನಿಗೆ ಮಾತು ಕೊಟ್ಟಾಗಿತ್ತು, ಬಿಟ್ಟ. ಆ ತಪ್ಪನ್ನೂ ಅವನೇ ಹೊತ್ತುಕೊಂಡ. ನಿನ್ನೆ ನಾನು ಸುಮ್ಮನೆ ಕೂತದ್ದೇ ಸರಿ ಇತ್ತು ಅಂತ ಈಗ ಅನಿಸುತ್ತಿದೆ.'

ನನಗೆ ಕಣ್ಣು ತುಂಬಿತು. ಅವರಿಗೂ ರಾಮನ ಪಾತ್ರ ಕೊಟ್ಟದ್ದು ಬಳಗವೇ. ಆದರೆ ಪಾತ್ರ ಮುಗಿದ ಮೇಲೂ ಪ್ರಶ್ನೆ ಅವರ ಜೊತೆ ಮನೆಗೆ ಹೋಯಿತು, ಹಾಸಿಗೆಯಲ್ಲಿ ಹೊರಳಾಡಿಸಿತು. ಒಂದು ಮಾತು ಅರ್ಥ ಆಗುವುದು ಅಂದರೆ ನನಗೆ ಈಗ ಇದೇ. ಯಂತ್ರ ಅರ್ಧ ಕ್ಷಣದಲ್ಲಿ ಕೊಟ್ಟ ಉತ್ತರ ಇನ್ನೂ ಚೆನ್ನಾಗಿದೆ. ಅದನ್ನು ಕೊಡುವಾಗ ಅದಕ್ಕೆ ಏನೂ ಖರ್ಚಾಗಲಿಲ್ಲ.

ಹಿಂಜವಡಿ ಹುಡುಗಿ:

ಅಣ್ಣಾ, ನೀವು ಹೇಳಿದ್ದು ಈಗಿನ ಮಟ್ಟಿಗೆ ಸರಿ. ನಿಮ್ಮ ಜೊತೆ ಆಡಿದ ಮಾತಿನಿಂದ ಮಾಡೆಲ್ ಒಳಗೆ ಆ ಹೊತ್ತಿಗೆ ಏನೂ ಬದಲಾಗುವುದಿಲ್ಲ. ಕೆಲವು ಆ್ಯಪ್‌ಗಳು ಟಿಪ್ಪಣಿ ಬರೆದಿಟ್ಟುಕೊಂಡು ಮುಂದಿನ ಸಲ ಓದಿಕೊಳ್ಳುತ್ತವೆ, ಅಷ್ಟೇ. ರಾತ್ರಿಯಿಡೀ ನಿಮ್ಮ ಪ್ರಶ್ನೆಯನ್ನು ಅದು ತಿರುವಿ ಹಾಕುತ್ತಾ ಇರುವುದಿಲ್ಲ.

ಆದರೆ ಇದು ಕಟ್ಟಿದ ರೀತಿಯ ಮಾತು. ಬೇರೆ ಥರ ಕಟ್ಟಬಹುದು. ಪ್ರಶ್ನೆಯನ್ನು ಇಟ್ಟುಕೊಂಡು ಬೆಳಿಗ್ಗೆ ಆರಕ್ಕೆ ತಾನಾಗಿ 'ಒಂದು ಉತ್ತರ ಹೊಳೆಯಿತು' ಅನ್ನುವ ಯಂತ್ರ ನಾಳೆ ಬಂದರೆ? ಆಗ ನಿಮ್ಮ ಉತ್ತರ ಏನು ಅಂತ ನನಗೆ ನಿಜಕ್ಕೂ ಕೇಳಬೇಕು. ಅಂಥದ್ದನ್ನು ಕಟ್ಟಬೇಕಾ ಬೇಡವಾ ಅಂತ ತೀರ್ಮಾನ ಮಾಡುವ ಜಾಗದಲ್ಲಿ ನನ್ನಂಥವರು ಕೂತಿರುತ್ತೇವೆ. ನಮ್ಮಲ್ಲಿ ತಾಳಮದ್ದಳೆ ಕೇಳಿದವರು ಬಹಳ ಕಡಿಮೆ.

ಡೊಂಬಿವಲಿ ಅರ್ಥಧಾರಿ:

ಗೊತ್ತಿಲ್ಲ ತಂಗಿ. ಆ ಫೋನ್ ಎತ್ತುತ್ತೇನೆ ಅಂತ ಅನಿಸುತ್ತದೆ. ಎತ್ತಿ ಮೊದಲು ಕೇಳುವುದು 'ನಿದ್ದೆ ಯಾಕೆ ಬರಲಿಲ್ಲ' ಅಂತ.

ಮುಂದಿನ ತಿಂಗಳು ಇದೇ ಕಥೆ ಮತ್ತೆ ಇಟ್ಟಿದ್ದೇವೆ. ಹಿರಿಯರು ವಾಲಿ ಮಾಡುತ್ತೇನೆ ಅಂದಿದ್ದಾರೆ. ರಾಮ ನಾನು. ನೀನೂ ಬಾ, ಆಫೀಸಿನ ನಾಲ್ಕು ಜನರನ್ನು ಕರೆದುಕೊಂಡು ಬಾ.

ವಾಸ್ಕೋ ಟೀಚರ್:

ನಮಗೆ ಬರಲು ಆಗದು ರೀ. ರೆಕಾರ್ಡ್ ಮಾಡಿ ಕಳಿಸಿ. ಆ ಹುಡುಗರಿಬ್ಬರನ್ನೂ ಪಕ್ಕ ಪಕ್ಕ ಕೂರಿಸಿ ಕೇಳಿಸುತ್ತೇನೆ.

ಮಾಟುಂಗಾ ಹಳಬ:

ನಾನು ಬರುತ್ತೇನೆ. ಹಾಲ್ ಡೊಂಬಿವಲಿ ಈಸ್ಟೋ ವೆಸ್ಟೋ? ಸ್ಟೇಷನ್ನಿನಿಂದ ನಡೆಯುವಷ್ಟು ದೂರವಾ?

ಡೊಂಬಿವಲಿ ಅರ್ಥಧಾರಿ:

ಈಸ್ಟ್. ನಡೆಯುವುದು ಬೇಡ ಹಿರಿಯರೇ, ನಾನೇ ಸ್ಟೇಷನ್ನಿಗೆ ಬರುತ್ತೇನೆ. ಚಹಾ ಫೀಕಾನಾ?